ತಾರೀಖು ದಾಟಿದೆ, ನೋವು ಬರಿಸುವುದು ಬೇಡ ಎನ್ನಬಹುದೇ?

ಪ್ರಶ್ನೆ: ನನ್ನ ಮಗಳಿಗೆ ಇದು ಚೊಚ್ಚಲು. ಡಾಕ್ಟರು ಕೊಟ್ಟ ತಾರೀಖು ದಾಟಿ ಐದು ದಿನವಾಯಿತು, ಇನ್ನೂ ನೋವು ಕಾಣಿಸಿಲ್ಲ. ಅಡ್ಮಿಟ್ ಆಗಿ, ನೋವು ಬರಿಸುತ್ತೇವೆ ಎನ್ನುತ್ತಿದ್ದಾರೆ. ಹಾಗೆ ಮಾಡಿಸಿದರೆ ಕೊನೆಗೆ ಸಿಸೇರಿಯನ್ನೇ ಆಗುತ್ತದೆ ಎಂದು ಓಣಿಯವರೆಲ್ಲ ಹೇಳುತ್ತಾರೆ. ಬೇಡ ಎನ್ನಬಹುದೇ?
– ಶಿಗ್ಗಾವಿಯಿಂದ ಒಬ್ಬ ತಾಯಿ

ಎನ್ನಬಹುದು. ಬಸುರಿಯ ಒಪ್ಪಿಗೆಯಿಲ್ಲದೆ ಯಾರೂ ನೋವು ಬರಿಸುವಂತಿಲ್ಲ. ಬೇಡವೆಂದ ಮಾತ್ರಕ್ಕೆ ಮುಂದಿನ ತಪಾಸಣೆಯ ಹಕ್ಕೂ ಹೋಗುವುದಿಲ್ಲ. ಹೆರಿಗೆ ವಾರ್ಡಿನ ಕೆಲಸದಿಂದ ನಿವೃತ್ತಳಾದ ಮೇಲೂ ನಾನು ಈ ಪ್ರಶ್ನೆಗೆ ಉತ್ತರಿಸುತ್ತಲೇ ಇದ್ದೇನೆ. ಹುಬ್ಬಳ್ಳಿಯವರು ಕೇಳಲಿ, ಗದಗಿನವರು ಕೇಳಲಿ, ಪ್ರಶ್ನೆಯ ಬಾಲಕ್ಕೆ ಅದೇ ಸಿಸೇರಿಯನ್ ಮಾತು ಅಂಟಿಕೊಂಡಿರುತ್ತದೆ. ಬೇಡವೆನ್ನುವುದು ನಿಮ್ಮ ಮಗಳ ಹಕ್ಕು. ಆದರೆ ಆ ಒಂದು ಕಾರಣಕ್ಕೆ ಬೇಡವೆನ್ನಬೇಡಿ ಎಂಬುದು ನನ್ನ ಕಳಕಳಿ.

ಮೊದಲು ತಾರೀಖನ್ನೇ ನೋಡೋಣ. ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸಿ ಹೇಳುವ ಅಂದಾಜು ಅದು. ಸರಿಯಾಗಿ ಅದೇ ದಿನ ಹುಟ್ಟುವ ಕೂಸುಗಳು ನೂರಕ್ಕೆ ನಾಲ್ಕೋ ಐದೋ. ಅದರಲ್ಲೂ ‘ಪಂಚಮಿಗೆ ತವರಿಗೆ ಹೋಗಿದ್ದೆ, ಅದರ ಹಿಂದಿನ ವಾರ ಇರಬೇಕು’ ಎಂದು ಮುಟ್ಟಿನ ದಿನ ಹೇಳಿದವರ ತಾರೀಖು ಒಂದು ವಾರ ಆಚೀಚೆ ಆಗುವುದು ಸಹಜ. ಹೀಗಾಗಿ ಮೊದಲ ಮೂರು ತಿಂಗಳಲ್ಲಿ ಮಾಡಿಸಿದ ಸ್ಕ್ಯಾನಿನ ವರದಿಯನ್ನು ಹುಡುಕಿ ತೆಗೆಯಿರಿ. ಅದರ ಲೆಕ್ಕ ಹೆಚ್ಚೆಂದರೆ ಐದಾರು ದಿನ ತಪ್ಪೀತು. ಒಂಬತ್ತನೇ ತಿಂಗಳ ಸ್ಕ್ಯಾನು ಎರಡು ಮೂರು ವಾರವೇ ತಪ್ಪಬಹುದು. ಮೂರು ಸ್ಕ್ಯಾನಿನಲ್ಲಿ ಮೂರು ತಾರೀಖು ಬಂದಿದೆ ಎಂದು ಗಾಬರಿಯಾಗುವವರು ಎಲ್ಲಕ್ಕಿಂತ ಮೊದಲಿನದನ್ನು ಹಿಡಿಯಬೇಕು. ತಾಯಿ ಕಾರ್ಡಿನಲ್ಲಿ ಬರೆದ ತಾರೀಖು ಅದಕ್ಕೆ ಹೊಂದುತ್ತದೆಯೇ ಎಂದು ಡಾಕ್ಟರನ್ನೇ ಕೇಳಿ.

ಇನ್ನು ಓಣಿಯವರ ಮಾತು. ಅವರು ಸುಳ್ಳು ಹೇಳುತ್ತಿಲ್ಲ, ಎಣಿಸುವುದರಲ್ಲಿ ತಪ್ಪುತ್ತಿದ್ದಾರೆ. ನೋವು ಬರಿಸಿಕೊಂಡ ಸೊಸೆಗೆ ಸಿಸೇರಿಯನ್ ಆಯಿತು, ತಾನಾಗಿ ನೋವು ಬಂದ ಪಕ್ಕದ ಮನೆಯ ಹುಡುಗಿಗೆ ಸಹಜ ಹೆರಿಗೆಯಾಯಿತು. ಆದ್ದರಿಂದ ಕಾಯುವುದೇ ಮೇಲು ಎಂಬುದು ಅವರ ತರ್ಕ. ಆದರೆ ಪಕ್ಕದ ಮನೆಯ ಹುಡುಗಿ ಕಾಯುತ್ತಿದ್ದವಳಲ್ಲ, ಅವಳಿಗೆ ನೋವು ಬಂದುಬಿಟ್ಟಿತ್ತು. ರಾತ್ರಿ ಹಳೇ ಬಸ್ ನಿಲ್ದಾಣದಲ್ಲಿ ಕಾಯದೆ ಆಟೋ ಹಿಡಿದವರನ್ನು ಬಸ್ಸು ಸಿಕ್ಕವರ ಜೊತೆಗಷ್ಟೇ ಹೋಲಿಸಿದರೆ ಬಸ್ಸೇ ಲಾಭವೆನಿಸುತ್ತದೆ. ಕೊನೆಯ ಬಸ್ಸೂ ತಪ್ಪಿ ಅಲ್ಲೇ ಉಳಿದವರು ಆ ಎಣಿಕೆಯಲ್ಲಿ ಇರುವುದೇ ಇಲ್ಲ. ಕಾದವರಲ್ಲಿ ಎಷ್ಟೋ ಜನರಿಗೆ ಮುಂದೆ ಬಿಪಿ ಏರುತ್ತದೆ, ಕೂಸಿನ ಸುತ್ತಲ ನೀರು ಕಡಿಮೆಯಾಗುತ್ತದೆ, ಕೂಸು ಸುಸ್ತಾಗುತ್ತದೆ. ಅವರಿಗೂ ಸಿಸೇರಿಯನ್ ಆಗುತ್ತದೆ. ಅದನ್ನು ಮಾತ್ರ ಯಾರೂ ಕಾಯುವಿಕೆಯ ಖಾತೆಗೆ ಬರೆಯುವುದಿಲ್ಲ.

ಸರಿಯಾದ ಎಣಿಕೆಗೆ ಒಂದೇ ಸ್ಥಿತಿಯ ಬಸುರಿಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ನೋವು ಬರಿಸಿ, ಇನ್ನೊಂದನ್ನು ಕಾಯಲು ಬಿಟ್ಟು ನೋಡಬೇಕು. ಹಾಗೆ ನೋಡಿದ್ದೂ ಆಗಿದೆ. 2018ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ 6,106 ಚೊಚ್ಚಲು ಬಸುರಿಯರಿದ್ದರು. 39ನೇ ವಾರದಲ್ಲಿ ನೋವು ಬರಿಸಿಕೊಳ್ಳುವ ಗುಂಪಿನಲ್ಲಿ ಸಿಸೇರಿಯನ್ ನೂರಕ್ಕೆ 18.6, ಕಾಯುವ ಗುಂಪಿನಲ್ಲಿ 22.2. ಇಂಥ 34 ಪ್ರಯೋಗಗಳನ್ನು, 21,000ಕ್ಕೂ ಹೆಚ್ಚು ತಾಯಂದಿರನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಸಂಸ್ಥೆಯ 2020ರ ವಿಶ್ಲೇಷಣೆಯಲ್ಲಿಯೂ ನೋವು ಬರಿಸಿಕೊಂಡವರಲ್ಲೇ ಸಿಸೇರಿಯನ್ ತುಸು ಕಡಿಮೆ. ಇದನ್ನು ಎಷ್ಟು ಜನರಿಗೆ ಎಷ್ಟು ಸಲ ಹೇಳಿದ್ದೇನೋ! ಕೇಳಿ ತಲೆಯಾಡಿಸುತ್ತಾರೆ, ಮನೆಗೆ ಹೋಗಿ ಮತ್ತೆ ಓಣಿಯ ಲೆಕ್ಕಕ್ಕೇ ಮರಳುತ್ತಾರೆ.

ಈ ನಂಬಿಕೆಗೆ ಅನ್ನ ಹಾಕುವವರು ನಮ್ಮ ಕಡೆಯಲ್ಲೂ ಇದ್ದಾರೆ, ಅದನ್ನು ಮುಚ್ಚಿಡುವುದಿಲ್ಲ. ಗರ್ಭಕೋಶದ ಬಾಯಿ ಇನ್ನೂ ಗಟ್ಟಿಯಾಗಿರುವಾಗ ಬೆಳಿಗ್ಗೆ ಅದನ್ನು ಮೆತ್ತಗಾಗಿಸುವ ಜೆಲ್ ಇಟ್ಟು, ಸಂಜೆಯ ಹೊತ್ತಿಗೆ ‘ನೋವು ಹಿಡಿಯಲಿಲ್ಲ, ಆಪರೇಷನ್ ಮಾಡೋಣ’ ಎಂದರೆ ಅದು ಔಷಧದ ಸೋಲಲ್ಲ, ತಾಳ್ಮೆಯ ಸೋಲು. ಚೊಚ್ಚಲಿನಲ್ಲಿ ಬಾಯಿ ಮೆತ್ತಗಾಗುವುದಕ್ಕೇ ಒಂದು ದಿನ ಹಿಡಿಯಬಹುದು. ನೀರಿನ ಚೀಲ ಒಡೆದು ನೋವು ಬರಿಸುವ ಆಕ್ಸಿಟೋಸಿನ್ ಡ್ರಿಪ್ ಹಚ್ಚಿದ ಮೇಲೂ, ತಾಯಿ ಕೂಸು ಇಬ್ಬರೂ ಚೆನ್ನಾಗಿದ್ದರೆ, ಕನಿಷ್ಠ 12 ತಾಸು ನೋಡಬೇಕು. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಿಸೇರಿಯನ್. ಆದ್ದರಿಂದ ‘ಬಾಯಿ ಎಷ್ಟು ಮೆತ್ತಗಾಗಿದೆ? ಎಷ್ಟು ಹೊತ್ತು ಕಾಯುತ್ತೀರಿ?’ ಎಂದು ಅಡ್ಮಿಟ್ ಆಗುವ ಮೊದಲೇ ಕೇಳಿ. ಹಿಂದೆ ಸಿಸೇರಿಯನ್ ಆದವರ ಮಾತು ಬೇರೆ. ಅವರಿಗೆ ನೋವು ಬರಿಸಲು ಮಿಸೊಪ್ರೊಸ್ಟಾಲ್ ಎಂಬ ಮಾತ್ರೆ ಕೊಡುವಂತಿಲ್ಲ.

ಹಾಗಾದರೆ ಎಷ್ಟು ದಿನ ಕಾಯಬಹುದು? ಎಲ್ಲ ಸರಿಯಿದ್ದರೆ 41 ವಾರ ತುಂಬುವ ಮೊದಲು ನೋವು ಬರಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುವುದಿಲ್ಲ, 41 ತುಂಬಿದ ಮೇಲೆ ಮಾಡುತ್ತದೆ. ನಿಮ್ಮ ಮಗಳಿಗೆ ಅದಕ್ಕಿನ್ನೂ ಎರಡು ದಿನವಿದೆ. ಆ ಗೆರೆ ಏಕೆಂದರೆ, ಕೂಸಿಗೆ ಆಹಾರ, ಆಮ್ಲಜನಕ ಒದಗಿಸುವ ಮಾಸಿನ ಶಕ್ತಿ ಅಲ್ಲಿಂದಾಚೆಗೆ ಕುಂದತೊಡಗುತ್ತದೆ. ಮೇಲೆ ಹೇಳಿದ ಕಾಕ್ರೇನ್ ವಿಶ್ಲೇಷಣೆಯಲ್ಲಿ ನೋವು ಬರಿಸಿದ ಗುಂಪಿನಲ್ಲಿ ತೀರಿಹೋದ ಕೂಸುಗಳು 4, ಕಾದ ಗುಂಪಿನಲ್ಲಿ 25. ಸಾವಿರಗಟ್ಟಲೆ ಹೆರಿಗೆಗಳಲ್ಲಿ ಇದು ಚಿಕ್ಕ ಸಂಖ್ಯೆ ನಿಜ. ಅಂಥ ಒಂದು ಕೂಸನ್ನು ಕೈಯಲ್ಲಿ ಹಿಡಿದವರಿಗೆ ಚಿಕ್ಕದೆನಿಸುವುದಿಲ್ಲ. ಬಿಪಿ, ಸಕ್ಕರೆ ಕಾಯಿಲೆ, ನೀರು ಕಡಿಮೆ, ಕೂಸಿನ ಬೆಳವಣಿಗೆ ಕುಂಠಿತ, ನೀರು ಒಡೆದದ್ದು ಇವುಗಳಲ್ಲಿ ಯಾವುದಾದರೂ ಇದ್ದರೆ ಈ ಎರಡು ದಿನದ ಲೆಕ್ಕವೂ ನಡೆಯುವುದಿಲ್ಲ.

41 ದಾಟಿಯೂ ಬೇಡವೆನ್ನುವುದಾದರೆ ಮನೆಯಲ್ಲಿ ಸುಮ್ಮನೆ ಕೂರುವಂತಿಲ್ಲ. ವಾರಕ್ಕೆ ಎರಡು ಸಲವಾದರೂ ಕೂಸಿನ ಎದೆಬಡಿತದ ಪಟ್ಟಿ ತೆಗೆಸಬೇಕು, ನೀರಿನ ಪ್ರಮಾಣ ನೋಡಿಸಬೇಕು. ಅದು ಆ ಹೊತ್ತಿನ ಸ್ಥಿತಿ ಹೇಳುತ್ತದೆಯೇ ಹೊರತು ನಾಳೆಯ ಭರವಸೆ ಕೊಡುವುದಿಲ್ಲ. ಹೆರಿಗೆ ಹತ್ತಿರ ಬಂದಾಗ ಕೂಸು ಸುಮ್ಮನಾಗುತ್ತದೆ ಎಂಬುದನ್ನು ದಯವಿಟ್ಟು ನಂಬಬೇಡಿ. ಒದೆತ ಕಡಿಮೆ ಎನಿಸಿದರೆ ಮಧ್ಯರಾತ್ರಿಯಾದರೂ 108ಕ್ಕೆ ಕರೆ ಮಾಡಿ ಹೊರಡಿ. ಔಡಲ ಎಣ್ಣೆ ಕುಡಿಸಬೇಡಿ. ವಾಂತಿ ಭೇದಿಯಿಂದ ಬಸುರಿ ನಿತ್ರಾಣಳಾಗುತ್ತಾಳೆ.

ನೀವು ಕೇಳದ ಒಂದು ಮಾತು. ಇಂಥ ಪ್ರಶ್ನೆ ಬರೆಯುವವರು ತಾಯಂದಿರು, ಅತ್ತೆಯಂದಿರು, ಗಂಡಂದಿರು. ಬಸುರಿಯ ಕೈಬರಹ ನಾನು ಕಾಣುವುದೇ ಅಪರೂಪ. ಚೊಚ್ಚಲು ತವರಿನಲ್ಲಿ ಆಗುವುದರಿಂದ, ಗಂಡನ ಮನೆಯವರು ಫೋನಿನಲ್ಲಿ ಹೂಂ ಎನ್ನುವವರೆಗೆ ಒಪ್ಪಿಗೆ ಪತ್ರ ಹಾಗೇ ಬಿದ್ದಿರುತ್ತದೆ. ಕಾನೂನು ಹಾಗಿಲ್ಲ. 2008ರಲ್ಲಿ ಸುಪ್ರೀಂ ಕೋರ್ಟು ಸಮೀರಾ ಕೊಹ್ಲಿ ಪ್ರಕರಣದಲ್ಲಿ, ಅರಿವಳಿಕೆಯಲ್ಲಿದ್ದ ವಯಸ್ಕ ಮಗಳ ಪರವಾಗಿ ತಾಯಿ ಕೊಟ್ಟ ಒಪ್ಪಿಗೆ ಸಿಂಧುವಲ್ಲ ಎಂದು ಹೇಳಿತು. ಎಚ್ಚರವಿರುವ ವಯಸ್ಕ ಹೆಣ್ಣಿಗೆ ಬೇಕು, ಬೇಡ ಎರಡೂ ಅವಳದೇ ಮಾತು. ಗಂಡನ ಸಹಿ ಅದಕ್ಕೆ ಬದಲಿಯಾಗಲಾರದು.

ಈ ಉತ್ತರವನ್ನು ನಿಮ್ಮ ಮಗಳಿಗೆ ಓದಲು ಕೊಡಿ. ಅವಳೇ ಡಾಕ್ಟರ ಹತ್ತಿರ ಮಾತಾಡಲಿ. ಕಾಯುತ್ತೇನೆ ಎಂದು ಅವಳು ಸಹಿ ಮಾಡಿದರೆ, ಮುಂದಿನ ತಪಾಸಣೆ ಯಾವ ದಿನ, ಏನಾದರೆ ಅದಕ್ಕೂ ಮೊದಲೇ ಬರಬೇಕು ಎಂಬುದನ್ನು ತಾಯಿ ಕಾರ್ಡಿನಲ್ಲೇ ಬರೆಸಿಕೊಳ್ಳಲಿ.