ಹಳೆಯ ಆಟಿಕೆ ರೈಲಿನ ಡಬ್ಬಿ: ತಗಡಿನ ನಾಲಿಗೆ ಮುರಿಯದಂತೆ ಬಿಚ್ಚುವುದು

ಡಬ್ಬಿಯನ್ನು ಮೆತ್ತನೆಯ ಬಟ್ಟೆಯ ಮೇಲೆ ಮಗುಚಿ, ಮೇಲಿನ ಬಾಡಿ ತಳಕ್ಕೆ ಹೇಗೆ ಕೂತಿದೆ ಎಂದು ಮೊದಲು ನೋಡಿ. ಸ್ಕ್ರೂ, ರಿವೆಟ್, ಪ್ಲಾಸ್ಟಿಕ್ ಕೊಂಡಿ ಅಥವಾ ತಗಡಿನ ನಾಲಿಗೆ ಸಿಗುತ್ತದೆ. ಬರಿ ಧೂಳು ಒರೆಸುವ ಕೆಲಸವಾದರೆ ಬಿಚ್ಚಲೇಬೇಡಿ.

ಹೆಚ್ಚು ಹಾಳಾಗುವುದು ನಾಲಿಗೆಯೇ. ಸೀಳಿನಲ್ಲಿ ತೂರಿಸಿ ಮಡಚಿದ ಈ ಪಟ್ಟಿ ಪ್ರತಿ ಸಲ ಬಗ್ಗಿದಾಗಲೂ ಗಡಸಾಗುತ್ತದೆ. ಎರಡು-ಮೂರು ಸಲಕ್ಕೆ ಬುಡದಲ್ಲೇ ಮುರಿಯಬಹುದು. ಕಾರ್ಖಾನೆಯಲ್ಲಿ ಮಡಚಿದ್ದೂ ಆ ಲೆಕ್ಕಕ್ಕೆ ಸೇರಿದೆ, ಹಿಂದಿನ ಯಜಮಾನ ಬಿಚ್ಚಿದ್ದರೆ ಅದೂ ಸೇರುತ್ತದೆ. ತೆಳುವಾದ ಅಲಗನ್ನು ಅಡಿಗೆ ತೂರಿಸಿ ತುಸು ಎತ್ತಿ, ಹಲ್ಲಿಲ್ಲದ ಇಕ್ಕಳದಿಂದ ನೇರ ಮಾಡಿ. ಸೀಳಿನಿಂದ ಜಾರುವಷ್ಟು ನೇರವಾದರೆ ಸಾಕು. ಎಲ್ಲ ನಾಲಿಗೆಗಳೂ ನೇರವಾಗುವ ಮೊದಲೇ ಒಂದು ಬದಿ ಎತ್ತಿದರೆ ಇನ್ನೊಂದು ಬದಿಯವು ಮತ್ತೆ ಬಗ್ಗುತ್ತವೆ. ಮರಳಿ ಜೋಡಿಸುವಾಗ ಪೂರ್ತಿ ಮಡಚದೆ ಸ್ವಲ್ಪ ತಿರುಚಿದರೂ ಹಿಡಿತ ಬರುತ್ತದೆ.

ಹಳೆಯ ಪ್ಲಾಸ್ಟಿಕ್ ಪೆಡಸಾಗಿರುತ್ತದೆ. ಒಂದೇ ಕಡೆ ಎಳೆದರೆ ಕಿಟಕಿಯ ಮೂಲೆಯಿಂದ ಬಿರುಕು ಬಿಡುತ್ತದೆ. ಎರಡೂ ಬದಿಗೆ ತೆಳು ಪ್ಲಾಸ್ಟಿಕ್ ಪಟ್ಟಿ ತೂರಿಸಿ ಕೊಂಡಿಗಳನ್ನು ಒಟ್ಟಿಗೇ ಬಿಡಿಸಿ. ಪ್ಲಾಸ್ಟಿಕ್‌ಗೆ ಸ್ಕ್ರೂ ಮರಳಿ ಹಾಕುವಾಗ ಮೊದಲು ಹಿಮ್ಮುಖವಾಗಿ ತಿರುಗಿಸಿ. ಹಳೆಯ ಮರೆಗೆ, ಅಂದರೆ ಸ್ಕ್ರೂ ಮೊದಲೇ ಕೊರೆದ ಸುರುಳಿ ಗೆರೆಗೆ, ಕೂತಾಗ ಬೆರಳಿಗೆ ಸಣ್ಣ ಕುಸಿತ ತಿಳಿಯುತ್ತದೆ. ಆಮೇಲಷ್ಟೇ ಬಿಗಿ ಮಾಡಿ. ಇಲ್ಲದಿದ್ದರೆ ಹೊಸ ಮರೆ ಕೊರೆದು ತೂತು ಸಡಿಲವಾಗುತ್ತದೆ.

ನಾವು ಇಡೀ ಡಬ್ಬಿಯನ್ನೇ ಬೋಗಿ ಎನ್ನುತ್ತೇವೆ, ರೈಲ್ವೆ ಎಂಜಿನಿಯರಿಗೆ ಬೋಗಿ ಎಂದರೆ ಅಡಿಯಲ್ಲಿ ತಿರುಗುವ ಚಕ್ರದ ಚೌಕಟ್ಟು. ಗೊಂದಲ ಬೇಡ, ಇಲ್ಲಿ ಅದನ್ನು ಟ್ರಕ್ ಎನ್ನೋಣ. ಟ್ರಕ್ ರಿವೆಟ್‌ನಲ್ಲಿದ್ದರೆ ಅರಳಿದ ಅಂಚನ್ನಷ್ಟೇ ಡ್ರಿಲ್‌ನಿಂದ ತೆಗೆಯಿರಿ. ಅಮೆರಿಕದ ಆಟಿಕೆ ರೈಲು ಕಂಪನಿ ಲಯನೆಲ್‌ನ 1945ರ ನಂತರದ ಹಲವು ಡಬ್ಬಿಗಳಲ್ಲಿ ಟ್ರಕ್ ಹಿಡಿಯಲು ಲಾಳದಾಕಾರದ ಕ್ಲಿಪ್ ಇರುತ್ತದೆ. ಬಿಡಿಸುವಾಗ ಬೆರಳು ಅಡ್ಡ ಇಡಿ, ಚಿಮ್ಮಿದರೆ ಹುಡುಕುವುದೇ ಕೆಲಸವಾಗುತ್ತದೆ. ದೀಪದ ಡಬ್ಬಿಯಾದರೆ ಟ್ರಕ್ಕಿನಿಂದ ಒಳಗೆ ಹೋಗುವ ವೈರ್ ಎಳೆಯಬೇಡಿ.

ತೊಳೆಯಲು ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ದ್ರವ, ಮೆದು ಬ್ರಷ್ ಸಾಕು. ಮುದ್ರಿತ ತಗಡಿನ ಬಣ್ಣವನ್ನೂ ಅಕ್ಷರಗಳನ್ನೂ ಆಲ್ಕೋಹಾಲ್ ಎಬ್ಬಿಸಬಹುದು, ಅಸಿಟೋನ್ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಸೋಪುನೀರನ್ನೂ ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಿ, ಅಕ್ಷರಗಳ ಮೇಲೆ ಉಜ್ಜದೆ ಒತ್ತಿ ತೆಗೆಯಿರಿ. ಲೋಹದ ಚಕ್ರಕ್ಕೆ ಮಾತ್ರ ಹತ್ತಿಕಡ್ಡಿಯಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್. ಸ್ಟೀಲ್ ವುಲ್ ಬೇಡ, ಅದರ ಎಳೆಗಳು ಎಂಜಿನ್ ಮೋಟರಿನ ಅಯಸ್ಕಾಂತಕ್ಕೆ ಅಂಟಿ ಶಾರ್ಟ್ ಮಾಡುತ್ತವೆ. ಹಳೆಯ ಬಣ್ಣದಲ್ಲಿ ಸೀಸ ಇರುವ ಸಂಭವವಿದೆ, ಒಣಗಿದ್ದಾಗ ಉಜ್ಜುಕಾಗದ ಹಾಕಬೇಡಿ.

ಸತುವಿನ ಎರಕದ ಚಕ್ರ ಊದಿ ಕೂದಲೆಳೆ ಬಿರುಕು ಬಿಟ್ಟಿದ್ದರೆ ಅದು ತುಕ್ಕಲ್ಲ. ಎರಕದಲ್ಲಿ ಸೀಸದಂಥ ಕಲ್ಮಶ ಬೆರೆತು ಲೋಹ ಒಳಗಿನಿಂದಲೇ ಪುಡಿಯಾಗುತ್ತಿರುತ್ತದೆ. ಅಂಟು ನಿಲ್ಲದು, ಬದಲಿಸಿ.

ಒಣಗಿದ ಮೇಲೆ ಆಕ್ಸಲ್ ತುದಿಗೆ ಸೂಜಿಮೊನೆಯಷ್ಟು ತೆಳು ಎಣ್ಣೆ. ಹೆಚ್ಚಾದದ್ದು ಹಳಿಗಿಳಿದು ಧೂಳು ಹಿಡಿದು, ಈಗಷ್ಟೇ ಒರೆಸಿದ ಕಪ್ಪು ಪದರವನ್ನೇ ಚಕ್ರಕ್ಕೆ ಮತ್ತೆ ಮೆತ್ತುತ್ತದೆ.