ಕಸಿಯ ನಂತರದ ಸೋಂಕು: ನೂರು ದಿನ ಇನ್ನೂರಾದ ಬಗೆ

1954ರಲ್ಲಿ ಬಾಸ್ಟನ್‌ನಲ್ಲಿ ತದ್ರೂಪಿ ಅವಳಿಗಳ ನಡುವೆ ಮೂತ್ರಪಿಂಡ ಕಸಿ ನಡೆದಾಗ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಪ್ರಶ್ನೆಯೇ ಇರಲಿಲ್ಲ. ಆ ಶಕ್ತಿಯನ್ನು ತಗ್ಗಿಸುವ ಔಷಧಗಳಾಗಿ ಅಜಥಯೋಪ್ರಿನ್, ಸ್ಟೀರಾಯ್ಡ್, ಆಮೇಲೆ 1980ರ ದಶಕದಲ್ಲಿ ಸೈಕ್ಲೋಸ್ಪೊರಿನ್ ಬಂದವು. ಪರರ ಅಂಗ ದೇಹದಲ್ಲಿ ನಿಲ್ಲತೊಡಗಿತು, ಅದರ ಬೆನ್ನಿಗೇ ಸೋಂಕುಗಳೂ ಬಂದವು. ನ್ಯುಮೊಸಿಸ್ಟಿಸ್ ನ್ಯುಮೋನಿಯಾಕ್ಕೆ ಕೋ-ಟ್ರೈಮಾಕ್ಸಜೋಲ್ ಎಂಬ ಅಗ್ಗದ ಮಾತ್ರೆ ಸಾಕಾಯಿತು. ಪಟ್ಟು ಬಿಡದೆ ಉಳಿದದ್ದು ಸೈಟೊಮೆಗಲೊವೈರಸ್.

ಈ ವೈರಸ್ ಒಮ್ಮೆ ಹೊಕ್ಕರೆ ಜೀವನಪೂರ್ತಿ ದೇಹದಲ್ಲೇ ಮಲಗಿರುತ್ತದೆ. ಹಾಗಾಗಿ ಕಸಿಗೆ ಮುನ್ನ ದಾನಿ, ರೋಗಿ ಇಬ್ಬರ ರಕ್ತದಲ್ಲೂ ಪ್ರತಿಕಾಯ ನೋಡುತ್ತಾರೆ. ಅಂಗ ಕಸಿಯಲ್ಲಿ ದಾನಿಗೆ ವೈರಸ್ ಇದ್ದು ರೋಗಿಗೆ ಇಲ್ಲದಿದ್ದರೆ ಅಪಾಯ ಹೆಚ್ಚು, ಏಕೆಂದರೆ ವೈರಸ್ ಅಂಗದ ಜೊತೆಗೇ ಬರುತ್ತದೆ. ದಾನಿಯ ಆಕರಕೋಶ (ರಕ್ತಕಣಗಳನ್ನು ಹುಟ್ಟಿಸುವ ಮೂಲಕೋಶ) ಕಸಿಯಲ್ಲಿ ಲೆಕ್ಕ ತಲೆಕೆಳಗು: ವೈರಸ್ ರೋಗಿಯಲ್ಲೇ ಇರುತ್ತದೆ, ಅದನ್ನು ಎಂದೂ ಕಾಣದ ದಾನಿಯ ಕೋಶಗಳು ಕಾವಲಿಗೆ ಬಂದಿರುತ್ತವೆ.

2001ರಲ್ಲಿ ಈ ವೈರಸ್ ಅನ್ನು ತಡೆಯುವ ವಾಲ್‌ಗ್ಯಾನ್ಸಿಕ್ಲೊವಿರ್ ಮಾತ್ರೆ ಬಂತು. ದಿನಕ್ಕೆ 900 ಮಿಲಿಗ್ರಾಂ, ಮೂತ್ರಪಿಂಡದ ಕೆಲಸ ಕುಂದಿದ್ದರೆ ಅದಕ್ಕೆ ತಕ್ಕಷ್ಟು ಕಡಿಮೆ. ಮೊದಲು ನೂರು ದಿನ ಕೊಡುತ್ತಿದ್ದರು. ನಿಲ್ಲಿಸಿದ ಮೇಲೆ ಕಾಯಿಲೆ ತಲೆ ಎತ್ತುತ್ತಿತ್ತು. ಹೆಚ್ಚು ಅಪಾಯದ ಮೂತ್ರಪಿಂಡ ರೋಗಿಗಳ ಮೇಲಿನ, 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೂರು ದಿನ ತೆಗೆದುಕೊಂಡವರ ಪೈಕಿ ವರ್ಷದೊಳಗೆ ಸುಮಾರು ಶೇ 37 ಮಂದಿಗೆ ಕಾಯಿಲೆ ಬಂತು. 200 ದಿನ ತೆಗೆದುಕೊಂಡವರಲ್ಲಿ ಶೇ 16. ಹೀಗೆ ಅವಧಿ ಇಮ್ಮಡಿಯಾಯಿತು. ಆದರೆ ಔಷಧ ದಿನ ಎಣಿಸುತ್ತದೆ, ವೈರಸ್ ತನ್ನನ್ನು ಹತ್ತಿಕ್ಕುವ ಟಿ-ಕೋಶಗಳೆಂಬ ಕಾವಲು ಕಣಗಳನ್ನು ಎಣಿಸುತ್ತದೆ.

ಈ ಮಾತ್ರೆ ಬಿಳಿ ರಕ್ತಕಣಗಳನ್ನೂ ಇಳಿಸುತ್ತದೆ. ಎಣಿಕೆ ಕುಸಿದಾಗ ಪ್ರಮಾಣವನ್ನು ಅರ್ಧಕ್ಕಿಳಿಸುವ ರೂಢಿ ಇದೆ. ಸಲೀಸು ಅನಿಸಿದರೂ ಅದು ಕೆಟ್ಟ ದಾರಿ: ಅರೆಪ್ರಮಾಣದಲ್ಲಿ ಬದುಕುಳಿದ ವೈರಸ್ ಔಷಧಕ್ಕೆ ಬಗ್ಗದಂತಾಗಬಹುದು. ರೋಗಿ ತೆಗೆದುಕೊಳ್ಳುತ್ತಿರುವ, ಕಣ ಇಳಿಸುವ ಬೇರೆ ಔಷಧಗಳತ್ತ ಮೊದಲು ನೋಡಬೇಕು.

ಆಕರಕೋಶ ಕಸಿಯಾದ ರೋಗಿಗಳಲ್ಲಿ ರಕ್ತಕಣ ತಯಾರಿಸುವ ಮೂಳೆಮಜ್ಜೆ ಆ ಹೊಡೆತ ತಾಳುವುದಿಲ್ಲ. ಅದಕ್ಕೇ ಅವರಲ್ಲಿ ವಾರಕ್ಕೊಮ್ಮೆ ರಕ್ತದಲ್ಲಿ ವೈರಸ್ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿ, ವೈರಸ್ ಕಂಡರಷ್ಟೇ ಔಷಧ ಕೊಡುತ್ತಿದ್ದರು. 2017ರಲ್ಲಿ ಮಜ್ಜೆಯನ್ನು ಕುಗ್ಗಿಸದೆ ಈ ವೈರಸ್ ತಡೆಯುವ ಲೆಟರ್ಮೊವಿರ್ ಬಂತು. ಅದಕ್ಕೂ ಮೊದಲು ನೂರು ದಿನ, 2023ರಲ್ಲಿ ಆಯ್ದವರಿಗೆ ಇನ್ನೂರು! ಇದು ಸರ್ಪಸುತ್ತಿನ ವೈರಸ್‌ಗೆ ನಾಟುವುದಿಲ್ಲವಾದ್ದರಿಂದ ಅದನ್ನು ತಡೆಯುವ ಅಸೈಕ್ಲೊವಿರ್ ಜೊತೆಗಿರಲೇಬೇಕು.

ಶಿಲೀಂಧ್ರ ತಡೆಯುವ ವೊರಿಕೊನಜೋಲ್‌ನದ್ದೂ ನಿಲ್ಲಿಸುವಾಗಿನ ಗೋಳೇ. ಅದು ಅಂಗ ತಿರಸ್ಕಾರವನ್ನು ತಡೆಯುವ ಔಷಧವಾದ ಟ್ಯಾಕ್ರೊಲಿಮಸ್‌ನ ಮಟ್ಟವನ್ನು ರಕ್ತದಲ್ಲಿ ಏರಿಸುವುದರಿಂದ ಟ್ಯಾಕ್ರೊಲಿಮಸ್ ಪ್ರಮಾಣವನ್ನು ಸುಮಾರು ಮೂರನೇ ಒಂದಕ್ಕೆ ಇಳಿಸಿರುತ್ತಾರೆ. ವೊರಿಕೊನಜೋಲ್ ಬಿಟ್ಟ ಕೆಲವೇ ದಿನಗಳಲ್ಲಿ ಆ ಮಟ್ಟ ಕುಸಿಯುತ್ತದೆ. ರಕ್ತಪರೀಕ್ಷೆಯ ದಿನವನ್ನು ಮೊದಲೇ ಗೊತ್ತು ಮಾಡಿಡದಿದ್ದರೆ, ದೇಹ ಅಂಗವನ್ನು ತಿರಸ್ಕರಿಸತೊಡಗಿದ ಮೇಲೆಯೇ ಅದು ತಿಳಿಯುವುದು.