ಸತು ಸಿಂಪಡಿಸಿದರೆ ಗ್ರೀನಿಂಗ್ ರೋಗ ವಾಸಿಯಾಗುತ್ತದೆಯೇ?

ಪ್ರಶ್ನೆ: ನಮ್ಮ ಕಿತ್ತಳೆ ಗಿಡಗಳ ಎಲೆ ಹಳದಿಯಾಗುತ್ತಿದೆ. ಇದು ಗ್ರೀನಿಂಗ್ ರೋಗ ಎಂದು ಕೆಲವರು ಹೇಳುತ್ತಾರೆ. ರೋಗವೂ ಇಲ್ಲ ಗೀಗವೂ ಇಲ್ಲ, ಬರೀ ಪೋಷಕಾಂಶದ ಕೊರತೆ, ಸತು ಮತ್ತು ಮ್ಯಾಂಗನೀಸ್ ಸಿಂಪಡಿಸಿದರೆ ಸರಿಹೋಗುತ್ತದೆ ಎಂದು ಉಳಿದವರು ಹೇಳುತ್ತಾರೆ. ಯಾರ ಮಾತು ನಿಜ?

ಉತ್ತರ: ಸಿಂಪಡಿಸಿದರೆ ಎಲೆ ಹಸಿರಾದೀತು, ರೋಗ ಹೋಗುವುದಿಲ್ಲ. ಈ ಒಂದು ಸಾಲಿನ ಉತ್ತರವನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕ ತಪ್ಪಿದೆ. ಪ್ರತಿ ಸಲವೂ ಮಿಶ್ರಣದ ಹೆಸರು ಬದಲಾಗಿರುತ್ತದೆ, ನಂಬಿಕೆ ಮಾತ್ರ ಇದ್ದಲ್ಲೇ ಇರುತ್ತದೆ. ಹಾಗಾಗಿ ಈ ಬಾರಿ ಚುಟುಕಾಗಿ ಮುಗಿಸದೆ ಆ ನಂಬಿಕೆಯ ಬುಡವನ್ನೇ ಅಗೆದು ನೋಡೋಣ.

ಇಂಥ ತಪ್ಪನ್ನು ವಿಜ್ಞಾನಿಗಳೂ ಮಾಡಿದ್ದಾರೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ದಕ್ಷಿಣ ಆಫ್ರಿಕಾದಲ್ಲಿ 1937ರಷ್ಟು ಹಿಂದೆಯೇ ಈ ರೋಗಕ್ಕೆ ಮಣ್ಣಿನ ಕ್ರೋಮಿಯಂ ಮತ್ತು ಮ್ಯಾಂಗನೀಸ್ ವಿಷವೇ ಕಾರಣವಿರಬಹುದೇ ಎಂಬ ಚರ್ಚೆ ನಡೆದಿತ್ತು. ಚೀನಾದಲ್ಲಿ ದೂರು ಬಂದದ್ದು ಬೇರಿನ ಬಳಿ ನಿಲ್ಲುವ ನೀರಿನ ಮೇಲೆ, ಗೊಬ್ಬರದ ಕೊರತೆಯ ಮೇಲೆ. ಈ ವಾದಕ್ಕೆ ತೆರೆ ಎಳೆದದ್ದು ಅತ್ಯಂತ ಸರಳವಾದ ಒಂದು ಪ್ರಯೋಗ. ಚೀನಾದ ವಿಜ್ಞಾನಿ ಲಿನ್ ಕುಂಗ್‌ಶಿಯಾಂಗ್ ರೋಗದ ಮರದ ಕಣ್ಣನ್ನು, ಅಂದರೆ ಚಿಗುರೊಡೆಯುವ ಮೊಗ್ಗನ್ನು ತೆಗೆದು ಆರೋಗ್ಯವಂತ ಗಿಡಕ್ಕೆ ಕಸಿ ಮಾಡಿದರು; ಕಣ್ಣಿನ ಜೊತೆಗೆ ರೋಗವೂ ಬಂತು. 1956ರಲ್ಲಿ ಅವರು ಇದನ್ನು ಪ್ರಕಟಿಸಿದರು. ಸತುವಿನ ಕೊರತೆ ಒಂದು ಗಿಡದಿಂದ ಇನ್ನೊಂದಕ್ಕೆ ಕಸಿಯ ಮೂಲಕ ದಾಟುವುದಿಲ್ಲ, ದಾಟುವುದು ಜೀವವಿರುವ ರೋಗಾಣು ಮಾತ್ರ. 1965ರಲ್ಲಿ ದಕ್ಷಿಣ ಆಫ್ರಿಕಾದವರು ಮತ್ತು 1967ರಲ್ಲಿ ಭಾರತದ ವಿಜ್ಞಾನಿಗಳು ತಮ್ಮ ತಮ್ಮ ನಾಡಿನ ಸಿಲ್ಲಿಡ್ ಎಂಬ ರಸ ಹೀರುವ ಪುಟ್ಟ ಕೀಟಗಳು ಆ ರೋಗಾಣುವನ್ನು ಮರದಿಂದ ಮರಕ್ಕೆ ಸಾಗಿಸುತ್ತವೆ ಎಂದು ತೋರಿಸಿದರು. ಕೊರತೆಯ ವಾದ ಸತ್ತು ಅರ್ಧ ಶತಮಾನ ದಾಟಿದೆ, ಆದರೂ ಅದರ ದೆವ್ವ ತೋಟ ಬಿಟ್ಟು ಹೋಗಿಲ್ಲ.

ಹೋಗದಿರಲು ಕಾರಣವೂ ಇದೆ. ರೋಗದ ಮರದ ಎಲೆಯನ್ನು ಪ್ರಯೋಗಾಲಯಕ್ಕೆ ಕಳುಹಿಸಿದರೆ ಅನೇಕ ಸಲ ಸತು ಕಡಿಮೆ ಇದೆ ಎಂದೇ ವರದಿ ಬರುತ್ತದೆ. ವರದಿ ಸುಳ್ಳಲ್ಲ, ಅದನ್ನು ಓದುವ ರೀತಿ ತಲೆಕೆಳಗಾಗಿದೆ. ಈ ರೋಗ ತರುವ ಲಿಬೆರಿಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ನೆಲೆಸುವುದು ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಬೇರಿಗೂ ಹಣ್ಣಿಗೂ ಒಯ್ಯುವ ಫ್ಲೋಯೆಂ ನಾಳಗಳಲ್ಲಿ. ರೋಗಾಣು ಒಳಹೊಕ್ಕಾಗ ಮರ ತನ್ನದೇ ನಾಳಗಳ ಜರಡಿರಂಧ್ರಗಳನ್ನು ಕ್ಯಾಲೋಸ್ ಎಂಬ ವಸ್ತುವಿನಿಂದ ಮುಚ್ಚಿಕೊಳ್ಳುತ್ತದೆ. ಕೆಳಗಿಳಿಯಲು ದಾರಿಯಿಲ್ಲದ ಸಕ್ಕರೆ ಎಲೆಯಲ್ಲೇ ಪಿಷ್ಟವಾಗಿ ಗುಡ್ಡೆಬೀಳುತ್ತದೆ, ಬೇರು ಉಪವಾಸ ಬೀಳುತ್ತದೆ. ಮೇಲೆ ಎಲೆ ಇನ್ನೂ ಹಸಿರಾಗಿರುವಾಗಲೇ, ನೀರು ಮತ್ತು ಲವಣ ಹೀರುವ ಎಳೆಬೇರುಗಳಲ್ಲಿ ಸುಮಾರು ಶೇ 30ರಷ್ಟು ನಾಶವಾಗಿರುತ್ತವೆ ಎಂಬುದನ್ನು ಫ್ಲೋರಿಡಾದ ಸಂಶೋಧಕರು ಮಣ್ಣು ತೆಗೆದು ಅಳೆದು ತೋರಿಸಿದ್ದಾರೆ. ಬೇರೇ ಇಲ್ಲದ ಮರ ಸತುವನ್ನು ಎಲ್ಲಿಂದ ತಂದೀತು? ಕೊರತೆಯಿಂದ ರೋಗ ಬಂದಿಲ್ಲ, ರೋಗದಿಂದ ಕೊರತೆ ಬಂದಿದೆ.

ಇಷ್ಟು ಹೇಳಿದ ಮೇಲೂ ಅನುಮಾನವಿದ್ದರೆ ಒಂದು ಬಲಿತ ಎಲೆಯನ್ನು ಕಿತ್ತು ಅಂಗೈ ಮೇಲಿಟ್ಟುಕೊಳ್ಳಿ. ನಡುನರದ ಎಡಕ್ಕೊಂದು, ಬಲಕ್ಕೊಂದು, ಸರಿಯಾಗಿ ಎದುರುಬದುರು ಬರುವಂತೆ ಪೆನ್ನಿನಿಂದ ಎರಡು ಚಿಕ್ಕ ವೃತ್ತಗಳನ್ನು ಎಳೆಯಿರಿ. ಸತುವಿನ ಕೊರತೆಯಾಗಿದ್ದರೆ ಎರಡು ವೃತ್ತಗಳೊಳಗಿನ ಬಣ್ಣವೂ ಒಂದೇ ತೆರನಾಗಿರುತ್ತದೆ, ಏಕೆಂದರೆ ಕೊರತೆ ಎಲೆಯ ಎರಡು ಮಗ್ಗುಲನ್ನೂ ಸಮನಾಗಿ ಕಾಡುತ್ತದೆ. ಹಳದಿ ಬಣ್ಣ ನರಗಳ ನಡುವೆ ಮಾತ್ರ ಇದ್ದು, ಎಳೆಯ ಎಲೆಗಳಲ್ಲಿ ಮೊದಲು ಕಾಣುತ್ತದೆ. ಗ್ರೀನಿಂಗ್‌ನಲ್ಲಿ ಒಂದು ವೃತ್ತ ಹಸಿರು, ಎದುರಿನದು ಹಳದಿ. ಮಚ್ಚೆ ನರಗಳನ್ನು ದಾಟಿ, ಅಂಕೆಯಿಲ್ಲದೆ ಹರಡಿರುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವವರು ಎಲೆಯ ಮೇಲ್ಮೈಯನ್ನು ಸ್ಯಾಂಡ್‌ಪೇಪರ್ ತುಂಡಿನಿಂದ ಉಜ್ಜಿ, ಆ ತುಂಡನ್ನು ಸ್ವಲ್ಪ ನೀರಿನಲ್ಲಿ ಅಲುಗಾಡಿಸಿ, ಅಯೋಡಿನ್ ಹನಿ ಹಾಕುತ್ತಾರೆ. ಪಿಷ್ಟ ತುಂಬಿದ ಎಲೆಯಾದರೆ ನೀರು ಕಪ್ಪಾಗುತ್ತದೆ. ಕೊಂಬೆಯ ತೊಗಟೆಗೆ ಗಾಯವಾಗಿದ್ದರೂ ಪಿಷ್ಟ ಶೇಖರವಾಗುವುದರಿಂದ ಇದು ಕೊನೆಯ ತೀರ್ಪಲ್ಲ, ಆ ತೀರ್ಪನ್ನು ರೋಗಾಣುವಿನ ಡಿಎನ್ಎ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆಯೇ ಕೊಡಬೇಕು. ಹಣ್ಣನ್ನೂ ಸೀಳಿ ನೋಡಿ: ಸೊಟ್ಟಗಿನ ಕಾಯಿ, ಒಂದು ಕಡೆಗೆ ವಾಲಿದ ನಡುದಿಂಡು, ಸುಕ್ಕಾಗಿ ಕಂದಿದ ಬೀಜಗಳು ಇದ್ದರೆ ಯಾವ ಪೋಷಕಾಂಶದ ಕೊರತೆಯೂ ಅದನ್ನೆಲ್ಲ ಒಟ್ಟಿಗೆ ಮಾಡುವುದಿಲ್ಲ.

"ಆದರೆ ಸಿಂಪಡಿಸಿದ ಮೇಲೆ ನಮ್ಮ ಗಿಡ ಚಿಗುರಿತಲ್ಲ?" ಎಂಬುದು ಇದರ ಬೆನ್ನಿಗೇ ಬರುವ ಪ್ರಶ್ನೆ. ಚಿಗುರುತ್ತದೆ. ಎಲೆಗೆ ನೇರವಾಗಿ ಸತು ಸಿಕ್ಕಾಗ ಎಲೆ ಹಸಿರಾಗುವುದು ಸಹಜ, ಆದರೆ ನಾಳದೊಳಗಿನ ಬ್ಯಾಕ್ಟೀರಿಯಾಕ್ಕೆ ಅದರ ಬಿಸಿ ತಟ್ಟುವುದಿಲ್ಲ. ಸಸ್ಯರೋಗ ವಿಜ್ಞಾನಿ ಟಿಮ್ ಗಾಟ್‌ವಾಲ್ಡ್ ಮತ್ತು ಸಂಗಡಿಗರು ಫ್ಲೋರಿಡಾದ ತೋಟಗಳಲ್ಲಿ ಇಂಥ ಪೋಷಕಾಂಶದ ಮಿಶ್ರಣಗಳನ್ನು ಪರೀಕ್ಷಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು: ರೋಗಾಣುವಿನ ಪ್ರಮಾಣ, ರೋಗದ ಹರಡುವಿಕೆ, ಹಣ್ಣಿನ ಗುಣಮಟ್ಟ, ಯಾವುದರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅದಕ್ಕಿಂತ ಕೆಟ್ಟ ಸಂಗತಿ ಎಂದರೆ ಆ ಚಿಗುರೇ. ಮೂರರಿಂದ ನಾಲ್ಕು ಮಿಲಿಮೀಟರ್ ಉದ್ದದ, ತಲೆ ತಗ್ಗಿಸಿ ಹಿಂಭಾಗ ಮೇಲೆತ್ತಿ ಓರೆಯಾಗಿ ಕೂರುವ ಏಷ್ಯಾದ ಸಿಲ್ಲಿಡ್ ಮೊಟ್ಟೆಯಿಡುವುದು ಎಳೆ ಚಿಗುರಿನಲ್ಲಿ ಮಾತ್ರ. ಮೊಟ್ಟೆಯೊಡೆದ ಮರಿಗಳು ಅಲ್ಲೇ ರಸ ಹೀರಿ ರೋಗಾಣುವನ್ನು ಒಳಗೆ ತೆಗೆದುಕೊಂಡು, ರೆಕ್ಕೆ ಬಂದ ಮೇಲೆ ಪಕ್ಕದ ಮರಕ್ಕೆ ಹಾರುತ್ತವೆ. ರೋಗದ ಮರ ಮೀಥೈಲ್ ಸ್ಯಾಲಿಸಿಲೇಟ್ ವಾಸನೆ ಬೀರಿ ಅವುಗಳನ್ನು ಕರೆಯುತ್ತದೆ ಎಂಬುದನ್ನೂ ಸಂಶೋಧಕರು ಕಂಡುಕೊಂಡಿದ್ದಾರೆ. ಸೋಂಕು ತಗುಲಿದ ಚಿಗುರು 15 ದಿನಗಳೊಳಗೇ ಹೊಸ ಕೀಟಗಳಿಗೆ ಸೋಂಕು ದಾಟಿಸಬಲ್ಲದು, ಆದರೆ ನಮ್ಮ ಕಣ್ಣಿಗೆ ಲಕ್ಷಣ ಬೀಳಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು. ವಾಸಿಯಾಯಿತೆಂದು ಸಂತೋಷಪಟ್ಟು ಉಳಿಸಿಕೊಂಡ ಮರ, ಇಡೀ ತೋಟಕ್ಕೆ ರೋಗ ಹಂಚುವ ಮರ.

ಪೋಷಕಾಂಶ ಬೇಡವೆಂದು ಇದರ ಅರ್ಥವಲ್ಲ. ಬಹುಪಾಲು ಮರಗಳಿಗೆ ರೋಗ ತಗುಲಿರುವ ತೋಟದಲ್ಲಿ, ಸೊರಗಿದ ಬೇರಿಗೆ ಗೊಬ್ಬರವನ್ನು ಒಮ್ಮೆಲೇ ಸುರಿಯದೆ ಸ್ವಲ್ಪ ಸ್ವಲ್ಪವಾಗಿ, ಪದೇ ಪದೇ ಕೊಟ್ಟು ಮರವನ್ನು ಕೆಲಕಾಲ ಫಲ ಕೊಡುವಂತೆ ಇರಿಸಿಕೊಳ್ಳಬಹುದು. ಅದು ಶುಶ್ರೂಷೆ, ಚಿಕಿತ್ಸೆಯಲ್ಲ.

ಚಿಕಿತ್ಸೆಗಾಗಿ ಹುಡುಕಾಟ ನಡೆದೇ ಇದೆ. ಫ್ಲೋರಿಡಾದಲ್ಲಿ 2005ರಲ್ಲಿ ರೋಗ ಪತ್ತೆಯಾಯಿತು. 2003–04ರಲ್ಲಿ 24.2 ಕೋಟಿ ಪೆಟ್ಟಿಗೆಯಷ್ಟಿದ್ದ ಅಲ್ಲಿನ ಕಿತ್ತಳೆ ಬೆಳೆ 2022–23ರಲ್ಲಿ 1.6 ಕೋಟಿಗೂ ಕೆಳಗಿಳಿಯಿತು. ಚಂಡಮಾರುತಗಳ ಪಾಲೂ ಇದರಲ್ಲಿದೆ. 2022ರಲ್ಲಿ ಅಲ್ಲಿ ಕಾಂಡಕ್ಕೆ ಆಕ್ಸಿಟೆಟ್ರಾಸೈಕ್ಲಿನ್ ಎಂಬ ಪ್ರತಿಜೀವಕ ಔಷಧ ಚುಚ್ಚಲು ಅನುಮತಿ ದೊರೆಯಿತು, ಆದರೆ ಅದನ್ನು ಮತ್ತೆ ಮತ್ತೆ ಚುಚ್ಚಬೇಕು, ಕಾಂಡದ ಗಾಯವೂ ಉಳಿಯುತ್ತದೆ. ಆಸ್ಟ್ರೇಲಿಯಾದ ಬೆರಳು ನಿಂಬೆಯಲ್ಲಿ ದೊರೆತ, ಬ್ಯಾಕ್ಟೀರಿಯಾವನ್ನು ಕೊಲ್ಲುವ ಒಂದು ಪೆಪ್ಟೈಡ್ (ಪುಟ್ಟ ಪ್ರೋಟೀನ್ ತುಣುಕು) ಬಗ್ಗೆ 2021ರಲ್ಲಿ ವರದಿಯಾಯಿತು. ರೋಗ ತಗುಲಿದರೂ ತಾಳಿಕೊಂಡು ಬೆಳೆಯುವ ‘ಶುಗರ್ ಬೆಲ್’ ಎಂಬ ಕಿತ್ತಳೆ ತಳಿಯಿದೆ. ಇವುಗಳಲ್ಲಿ ನನಗೆ ಹೆಚ್ಚು ಭರವಸೆಯಿರುವುದು ತಾಳಿಕೊಳ್ಳುವ ತಳಿಗಳ ಮೇಲೆ.

ಇನ್ನು, ಯಾರೂ ಕೇಳದ, ಆದರೆ ಎಲ್ಲಕ್ಕಿಂತ ಮೊದಲು ಕೇಳಬೇಕಾಗಿದ್ದ ಪ್ರಶ್ನೆ: ಕಸಿಕಡ್ಡಿ ಎಲ್ಲಿಂದ ಬಂತು? ಲಿನ್ ಅವರ ಪ್ರಯೋಗವನ್ನು ತಿಳಿಯದೆಯೇ ಪುನರಾವರ್ತಿಸುವವರು ಬಹಳ. ನೋಡಲು ಚೆನ್ನಾಗಿರುವ ಮರದಿಂದ ಕಣ್ಣು ತೆಗೆದು ನೂರು ಸಸಿಗಳಿಗೆ ಕಟ್ಟಿದರೆ, ಆ ಮರದ ಬಚ್ಚಿಟ್ಟ ರೋಗಗಳೆಲ್ಲ ನೂರು ಸಸಿಗಳಿಗೂ ಹಂಚಿಹೋಗುತ್ತವೆ. ಗ್ರೀನಿಂಗ್ ಮಾತ್ರವಲ್ಲ, ಕಿತ್ತಳೆ–ನಿಂಬೆ ಜಾತಿಯ ಮರಗಳನ್ನು ಕಾಡುವ ಟ್ರಿಸ್ಟೆಜಾ ವೈರಸ್ ಕೂಡ. ಹಾಗಿದ್ದರೆ ಒಳ್ಳೆಯ ತಳಿಗೇ ರೋಗ ತಗುಲಿದಾಗ ಆ ತಳಿಯನ್ನು ಕೈಬಿಡಬೇಕೇ? ಬೇಡ. ನವಾರೊ, ರೋಯಿಸ್ಟಾಕರ್ ಮತ್ತು ಮುರಾಶಿಗೆ ಎಂಬ ವಿಜ್ಞಾನಿಗಳು 1975ರಲ್ಲಿ ಪ್ರಕಟಿಸಿದ ಕುಡಿಕಸಿ ವಿಧಾನದಲ್ಲಿ ಸೂಕ್ಷ್ಮದರ್ಶಕದಡಿ ಚಿಗುರಿನ ತುತ್ತತುದಿಯನ್ನು, ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗದಷ್ಟನ್ನು ಮಾತ್ರ, ಎರಡು ಮೂರು ಎಲೆಮೊಳಕೆಗಳ ಸಮೇತ ಕತ್ತರಿಸಿ, ಕತ್ತಲೆಯಲ್ಲಿ ಬೆಳೆಸಿ ತಲೆ ಕತ್ತರಿಸಿದ ಬಿಳಿಚು ಸಸಿಯ ಮೇಲೆ ಕೂರಿಸುತ್ತಾರೆ. ಆ ತುದಿಯಲ್ಲಿ ನಾಳಗಳಿನ್ನೂ ರೂಪುಗೊಂಡಿರುವುದಿಲ್ಲವಾದ್ದರಿಂದ ನಾಳವಾಸಿ ರೋಗಾಣು ಅಲ್ಲಿಗೆ ತಲುಪಿರುವುದು ಅಪರೂಪ. ಹೀಗೆ ಬೆಳೆದ ಸಸಿ ಶುದ್ಧವೇ ಹೊರತು ರೋಗನಿರೋಧಕವಲ್ಲ. ಹೊರಗಿಟ್ಟರೆ ಮೊದಲ ಸಿಲ್ಲಿಡ್ ಬಂದು ಕೂರುವವರೆಗಷ್ಟೇ ಅದರ ಶುದ್ಧಿ. ಅದಕ್ಕೇ ಇಂಥ ತಾಯಿಗಿಡಗಳನ್ನು ಎರಡು ಬಾಗಿಲುಗಳ ಬಲೆಮನೆಯಲ್ಲಿಟ್ಟು ಆಗಾಗ ಪರೀಕ್ಷಿಸುತ್ತಾರೆ, ಮೊದಲ ಬಾಗಿಲು ಮುಚ್ಚಿದ ಮೇಲೆಯೇ ಎರಡನೆಯದನ್ನು ತೆರೆಯುತ್ತಾರೆ.